ಅಮೆರಿಕದ ಬಲಪಂಥವನ್ನು ಯಾರ ಬಾಯಿಂದ ಕೇಳಬೇಕು?

2025ರ ಸೆಪ್ಟೆಂಬರ್ 20, ಶನಿವಾರ. ಮಾರನೆಯ ದಿನ ಮಹಾಲಯ ಅಮಾವಾಸ್ಯೆ. ಟೆಕ್ಸಸ್‌ನಲ್ಲಿ ಆರು ವರ್ಷದಿಂದ ಕೆಲಸದಲ್ಲಿರುವ ಅಕ್ಕನ ಮಗ ಪಕ್ಷದ ಊಟಕ್ಕೆಂದು ಊರಿಗೆ ಬಂದಿದ್ದ. ಹಿಂದಿನ ಸಂಜೆ ಅಮೆರಿಕದಲ್ಲಿ ಅಧ್ಯಕ್ಷ ಟ್ರಂಪ್, ನುರಿತ ವಿದೇಶಿ ಕೆಲಸಗಾರರಿಗೆ ಕೊಡುವ ಎಚ್-1ಬಿ ವೀಸಾದ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರುವ ಆದೇಶಕ್ಕೆ ಸಹಿ ಹಾಕಿದ್ದರು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಯೊಳಗೆ ಅಮೆರಿಕದ ನೆಲ ಮುಟ್ಟದಿದ್ದರೆ ಕೆಲಸ ಹೋದಂತೆಯೇ ಎಂದು ಯಾರೋ ಹೇಳಿದರು. ಎಡೆಗೆ ಏನೇನು ಮಾಡಬೇಕೆಂಬ ಮಾತು ಅಲ್ಲಿಗೇ ನಿಂತು ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಕೂತರು. ಈ ಶುಲ್ಕ ಸಾಲದು, ವೀಸಾವನ್ನೇ ರದ್ದು ಮಾಡಿ ಎನ್ನುವ ನಿರೂಪಕನೊಬ್ಬ. ಇದು ಅಮೆರಿಕ ತನ್ನ ಕಾಲಿಗೆ ತಾನೇ ಹಾಕಿಕೊಂಡ ಕೊಡಲಿ ಪೆಟ್ಟು ಎನ್ನುವ ಪತ್ರಿಕೆಯೊಂದು. ಅಧ್ಯಕ್ಷರಿಗೆ ಇಂಥ ಶುಲ್ಕ ಹಾಕುವ ಅಧಿಕಾರವೇ ಇಲ್ಲ ಎನ್ನುವ ವಕೀಲನೊಬ್ಬ. ಮೂವರೂ ತಮ್ಮನ್ನು ಕನ್ಸರ್ವೇಟಿವ್, ಅಂದರೆ ಬಲಪಂಥೀಯರು, ಎಂದೇ ಕರೆದುಕೊಳ್ಳುವವರು.

ಬೆಳಗಾಗುವಷ್ಟರಲ್ಲಿ ಇದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಬಂತು, ಮನೆ ಉಸಿರಾಡಿತು. ಹುಡುಗ ಮಾತ್ರ ಒಂದು ಪ್ರಶ್ನೆಯನ್ನು ನನಗೆ ಅಂಟಿಸಿದ: "ಮಾವ, ಇವರೆಲ್ಲ ಒಂದೇ ಪಕ್ಷದವರಲ್ಲವೇ? ಓದುವುದಾದರೆ ಯಾರನ್ನು ಓದಲಿ?" ಆಮೇಲೆ ಇದೇ ಪ್ರಶ್ನೆಯನ್ನು ಇನ್ನೂ ಕೆಲವರು ಕೇಳಿದರು. ರಾಜ್ಯಶಾಸ್ತ್ರ ಓದುತ್ತಿರುವ ಹುಡುಗಿಯೊಬ್ಬಳು, ನ್ಯೂಜೆರ್ಸಿಯಲ್ಲಿರುವ ಭಾವನೊಡನೆ ಪ್ರತಿ ಭಾನುವಾರ ಫೋನಿನಲ್ಲಿ ಜಗಳವಾಡುವ ಗೆಳೆಯ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಮನೆಯ ನಕ್ಷೆ

ನಾವು ಮಾಡುವ ದೊಡ್ಡ ತಪ್ಪೆಂದರೆ ಅಮೆರಿಕದ ಬಲಪಂಥವನ್ನು ಇಲ್ಲಿನ ಬಲಪಂಥದ ಕನ್ನಡಕದಲ್ಲಿ ನೋಡುವುದು. ಅಲ್ಲಿನವರಿಗೂ ಧರ್ಮ ಮುಖ್ಯ, ದೇಶ ಮುಖ್ಯ, ಹಾಗಾದರೆ ನಮ್ಮ ಪರವೇ ಇರಬೇಕು ಎಂದುಕೊಳ್ಳುತ್ತೇವೆ. 2025ರ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಶೇ. 50ರಷ್ಟು ಸುಂಕ ಬಿದ್ದಾಗ ಹಾಗೆಂದುಕೊಂಡಿದ್ದ ಎಷ್ಟೋ ಮಂದಿ ಪೆಚ್ಚಾದರು. ಅಲ್ಲಿನ ಕನ್ಸರ್ವೇಟಿವ್ ಪಂಥ ಹಿಂದೆ ಒಂದೇ ಸೂರಿನಡಿ ಇದ್ದ ಕೂಡುಕುಟುಂಬ. ಕಡಿಮೆ ತೆರಿಗೆ, ಮುಕ್ತ ವ್ಯಾಪಾರ ಬೇಕೆನ್ನುವ ಅಣ್ಣ. ಚರ್ಚು, ಕುಟುಂಬ, ಗರ್ಭಪಾತ ವಿರೋಧ ಎನ್ನುವ ಎರಡನೆಯವನು. ಕಮ್ಯುನಿಸ್ಟರನ್ನು ಜಗತ್ತಿನೆಲ್ಲೆಡೆ ತಡೆಯಬೇಕೆನ್ನುವ ಮೂರನೆಯವನು. ಸೋವಿಯತ್ ಒಕ್ಕೂಟ ಇರುವವರೆಗೆ ಮೂವರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತರು, 1980ರಲ್ಲಿ ರೇಗನ್‌ರನ್ನು ಅಧ್ಯಕ್ಷರಾಗಿ ಗೆಲ್ಲಿಸಿದರು. ಇವರೊಡನೆ ಜಗಲಿಯ ಮೇಲೆ ಕೂತಿದ್ದ ನಾಲ್ಕನೆಯವನೊಬ್ಬನಿದ್ದ. ವಲಸೆ ಬೇಡ, ಪರದೇಶದ ಯುದ್ಧ ಬೇಡ, ಪರದೇಶದ ಸರಕೂ ಬೇಡ ಎನ್ನುವವನು. 2016ರಲ್ಲಿ ಟ್ರಂಪ್ ಗೆದ್ದಾಗ ಅವನು ಒಳಗೆ ಬಂದು ಯಜಮಾನಿಕೆ ಹಿಡಿದ. ಅಲ್ಲಿಂದೀಚೆಗೆ ಎತ್ತು ಏರಿಗೆ, ಕೋಣ ನೀರಿಗೆ.

ಆದ್ದರಿಂದ ಯಾವ ಪತ್ರಿಕೆ ಒಳ್ಳೆಯದು ಎಂದು ಕೇಳುವ ಮೊದಲು, ಅದು ಯಾವ ಅಣ್ಣತಮ್ಮನ ಪಾಲಿಗೆ ಬಂದ ಕೋಣೆ ಎಂದು ಕೇಳಬೇಕು.

ನನ್ನ ಅಳತೆಗೋಲು

ನಾಲ್ಕು ಸಂಗತಿ ನೋಡುತ್ತೇನೆ. ಒಂದು, ಈಗ ಹೇಳಿದ ಕವಲು. ಎರಡು, ಅಲ್ಲಿ ವರದಿ ಎಷ್ಟು, ವ್ಯಾಖ್ಯಾನ ಎಷ್ಟು, ಎರಡರ ನಡುವೆ ಗೋಡೆ ಇದೆಯೇ. ಮೂರು, ಹಣ ಮತ್ತು ಸಮಯ. ನಾಲ್ಕನೆಯದು ಮಿಕ್ಕ ಮೂರಕ್ಕಿಂತ ಭಾರ: ತನ್ನವರು ತಪ್ಪು ಮಾಡಿದಾಗ ಹೇಳುವ ಎದೆಗಾರಿಕೆ ಇದೆಯೇ? ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವವರು ಎಡದಲ್ಲೂ ಇದ್ದಾರೆ, ಬಲದಲ್ಲೂ ಇದ್ದಾರೆ. ಅಂಥವರಿಗೆ ಚಂದಾ ಕಟ್ಟುವುದಿರಲಿ, ಪುಕ್ಕಟೆ ಸಿಕ್ಕರೂ ಸಮಯ ದಂಡ. ಒಂದು ಪತ್ರಿಕೆಯನ್ನು ಹೊಸದಾಗಿ ಕೈಗೆತ್ತಿಕೊಂಡಾಗ ಅದು ಎದುರು ಪಕ್ಷದ ಡೆಮಾಕ್ರಟರನ್ನು ಬೈದ ಲೇಖನವನ್ನು ನಾನು ತೆರೆಯುವುದೇ ಇಲ್ಲ. ತನ್ನ ಪಕ್ಷದ ಅಧ್ಯಕ್ಷರ ಸುಂಕದ ಬಗ್ಗೆ ಏನು ಬರೆದಿದೆ ಎಂದು ಹುಡುಕುತ್ತೇನೆ. ಬೆಂಬಲಿಸಿದ್ದರೂ ಸರಿ, ಕಾರಣ ಕೊಟ್ಟಿದೆಯೇ ಎಂದು ನೋಡುತ್ತೇನೆ.

ವಾಲ್ ಸ್ಟ್ರೀಟ್ ಜರ್ನಲ್: ಸಂಪಾದಕೀಯ ಪುಟ

ಇದು ಎರಡು ಪತ್ರಿಕೆಗಳು ಒಂದೇ ಹೊದಿಕೆಯಲ್ಲಿ ಬಂದಂತೆ. ಸುದ್ದಿ ವಿಭಾಗ ಬೇರೆ, ಅಭಿಪ್ರಾಯ ವಿಭಾಗ ಬೇರೆ. ಸುದ್ದಿಯವರು ಬರೆದದ್ದಕ್ಕೆ ಅಭಿಪ್ರಾಯದವರು ಹೊಣೆಯಲ್ಲ. ಅಭಿಪ್ರಾಯದ ಪುಟದ ಎಡ ಅಂಚಿನಲ್ಲಿ ಬರೆದವರ ಹೆಸರಿಲ್ಲದ ಸಂಪಾದಕೀಯಗಳು ಇಳಿಯುತ್ತವೆ. ವಾಕ್ಯಗಳು ಚಿಕ್ಕವು, ಮೊನಚು. 'ಮುಕ್ತ ಮಾರುಕಟ್ಟೆ, ಮುಕ್ತ ಜನ' ಎಂಬುದು ಅದರ ಘೋಷವಾಕ್ಯ. ಅದನ್ನು ಎಷ್ಟು ನಿಜವಾಗಿ ನಂಬುತ್ತದೆಂದರೆ, 1984ರ ಜುಲೈ ಮೂರರಂದು ಗಡಿಗಳನ್ನು ತೆರೆದಿಡಬೇಕೆಂದು ಸಂವಿಧಾನಕ್ಕೇ ತಿದ್ದುಪಡಿ ಸೂಚಿಸಿತ್ತು! ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಇಂದಿನ ಸಭೆಯಲ್ಲಿ ಆ ಮಾತು ಎತ್ತಿದರೆ ಕುರ್ಚಿಗಳು ಹಾರುತ್ತವೆ.

2025ರ ಆರಂಭದಲ್ಲಿ ಕೆನಡಾ, ಮೆಕ್ಸಿಕೋಗಳ ಮೇಲೆ ಟ್ರಂಪ್ ಸುಂಕ ಘೋಷಿಸಿದಾಗ ಇತಿಹಾಸದಲ್ಲೇ ಅತ್ಯಂತ ಮೂರ್ಖತನದ ವ್ಯಾಪಾರ ಸಮರ ಎಂಬ ಅರ್ಥದ ತಲೆಬರಹ ಕೊಟ್ಟದ್ದು ಇದೇ ಪುಟ. ತೆರಿಗೆ ಕಡಿತ, ನಿಯಂತ್ರಣ ಸಡಿಲಿಕೆ, ನ್ಯಾಯಾಧೀಶರ ನೇಮಕಗಳಲ್ಲಿ ಇದೇ ಪುಟ ಟ್ರಂಪ್ ಬೆನ್ನಿಗೂ ನಿಂತಿದೆ. ನನ್ನ ನಾಲ್ಕನೆಯ ಅಳತೆಗೆ ಇದು ಸರಿಹೊಂದುತ್ತದೆ. ನಮಗೆ ಇನ್ನೊಂದು ಲಾಭವೂ ಇದೆ: ಸದಾನಂದ ಧುಮೆ ಅವರ ಅಂಕಣ. ಭಾರತದ ಬಗ್ಗೆ ಅವರು ಬರೆಯುವುದು ಇಲ್ಲಿ ಎಲ್ಲರಿಗೂ ಹಿಡಿಸುವುದಿಲ್ಲ, ಆದರೆ ವಾಷಿಂಗ್ಟನ್ನಿನ ಬಲಪಂಥ ನಮ್ಮನ್ನು ಹೇಗೆ ನೋಡುತ್ತದೆಂದು ತಿಳಿಯಲು ಬೇರೆಡೆ ಅಷ್ಟು ಸುಲಭದ ಕಿಂಡಿ ಇಲ್ಲ. ರೇಗನ್‌ಗೆ ಭಾಷಣ ಬರೆಯುತ್ತಿದ್ದ ಪೆಗ್ಗಿ ನೂನನ್ ಅವರ ಗದ್ಯವಂತೂ ಭಾಷೆಯ ಸುಖಕ್ಕಾಗಿಯೇ ಓದತಕ್ಕದ್ದು.

ಕೊರತೆ? ದುಬಾರಿ. ಇಲ್ಲಿ ಹೇಳುತ್ತಿರುವವುಗಳಲ್ಲಿ ಕಿಸೆಗೆ ಹೆಚ್ಚು ಭಾರ ಇದೇ. ಜೊತೆಗೆ, ಕಾರ್ಖಾನೆ ಮುಚ್ಚಿಹೋದ ಓಹಿಯೋದ ಪಟ್ಟಣದವನ ಸಿಟ್ಟು ಇಲ್ಲಿ ಅಂಕಿಅಂಶವಾಗಿ ಬರುತ್ತದೆ, ಸಿಟ್ಟಾಗಿ ಬರುವುದಿಲ್ಲ.

ನ್ಯಾಷನಲ್ ರಿವ್ಯೂ: ಹಳೆಯ ಮನೆ

1955ರಲ್ಲಿ ವಿಲಿಯಂ ಎಫ್. ಬಕ್ಲಿ ಕಟ್ಟಿದ್ದು. ಮೇಲೆ ಹೇಳಿದ ಮೂವರು ಅಣ್ಣತಮ್ಮಂದಿರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ಹೆಚ್ಚುಕಡಿಮೆ ಈ ಪತ್ರಿಕೆಯೇ. 1960ರ ದಶಕದ ಆರಂಭದಲ್ಲಿ, ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಕೂಡ ಕಮ್ಯುನಿಸ್ಟ್ ಏಜೆಂಟ್ ಎನ್ನುತ್ತಿದ್ದ, ಜಾನ್ ಬರ್ಚ್ ಸೊಸೈಟಿ ಎಂಬ ತೀವ್ರ ಬಲಪಂಥೀಯ ಸಂಘಟನೆಯ ಮುಖ್ಯಸ್ಥನನ್ನು ಬಕ್ಲಿ ಬಾಗಿಲಾಚೆ ನಿಲ್ಲಿಸಿದರು. ಅದೇ ಪತ್ರಿಕೆ 1957ರಲ್ಲಿ ದಕ್ಷಿಣ ರಾಜ್ಯಗಳ ಬಿಳಿಯರ ಮೇಲುಗೈಯನ್ನು ಸಮರ್ಥಿಸಿ ಸಂಪಾದಕೀಯ ಬರೆದದ್ದೂ ನಿಜ. ಆ ವಿಷಯದಲ್ಲಿ ತಾವು ಎಡವಿದ್ದೆವು ಎಂದು ಬಕ್ಲಿ ಇಳಿವಯಸ್ಸಿನಲ್ಲಿ ಒಪ್ಪಿಕೊಂಡರು. ಹಳೆಯ ಮನೆಯೆಂದರೆ ಅಟ್ಟದ ಮೇಲೆ ಇಂಥವೂ ಇರುತ್ತವೆ.

2016ರ ಜನವರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬರಹಗಾರರನ್ನು ಸೇರಿಸಿ ಟ್ರಂಪ್ ವಿರುದ್ಧ ಇಡೀ ಸಂಚಿಕೆಯನ್ನೇ ತಂದಿತು. ಟ್ರಂಪ್ ಗೆದ್ದರು. ಅಂದಿನಿಂದ ಈ ಪತ್ರಿಕೆಯ ಪಾಡು ಎರಡು ದೋಣಿಯ ಮೇಲೆ ಕಾಲಿಟ್ಟವನದು. ಆ ಸಂಚಿಕೆಯಲ್ಲಿ ಬರೆದ ಕೆಲವರು ಟ್ರಂಪ್ ಕಡೆ ವಾಲಿದರು, ಕೆಲವರು ಪತ್ರಿಕೆಯಿಂದ ದೂರವಾದರು. ಉಳಿದವರು ಪ್ರಕರಣವಾರು ತೀರ್ಪು ಕೊಡುತ್ತಾರೆ: ಇದು ಸರಿ, ಇದು ತಪ್ಪು. ಭಕ್ತಿಗೆ ಇದು ಸಪ್ಪೆ, ವಿಚಾರಕ್ಕೆ ಪಥ್ಯ. ಕಾನೂನಿನ ವಿಷಯಕ್ಕೆ ಆಂಡ್ರ್ಯೂ ಮೆಕಾರ್ಥಿ ಅವರನ್ನು ಓದಿ. ಭಯೋತ್ಪಾದನೆಯ ಪ್ರಕರಣಗಳನ್ನು ನಡೆಸಿದ ಮಾಜಿ ಸರ್ಕಾರಿ ವಕೀಲರು. ಆರೋಪಪಟ್ಟಿಯನ್ನು ಸಾಲುಸಾಲಾಗಿ ಬಿಡಿಸುವಾಗ ಟ್ರಂಪ್ ಪರ, ವಿರೋಧ ಎರಡೂ ಕಡೆಯವರಿಗೆ ಮುಜುಗರವಾಗುತ್ತದೆ. ಭಾರತೀಯ ಮೂಲದ ರಮೇಶ್ ಪೊನ್ನೂರು ಈ ಪತ್ರಿಕೆಯ ಹಿರಿಯ ಕೈ. ವಲಸೆಯ ವಿಷಯದಲ್ಲಿ ಮಾತ್ರ ಪತ್ರಿಕೆ ಬಹುಕಾಲದಿಂದ ಬಿಗಿ. ವಾಲ್ ಸ್ಟ್ರೀಟ್ ಜರ್ನಲ್ಲಿನ ಉದಾರತನವನ್ನು ಇಲ್ಲಿ ಹುಡುಕಬೇಡಿ. ಕೆಲವು ಬರಹಗಳು ಪುಕ್ಕಟೆ, ಮಿಕ್ಕವಕ್ಕೆ ಚಂದಾ. ಅದರ ಸಂಪಾದಕರ ಪಾಡ್‌ಕಾಸ್ಟ್ ಪುಕ್ಕಟೆ ಸಿಗುತ್ತದೆ. ಪಾತ್ರೆ ತೊಳೆಯುವಾಗ ಕೇಳಿದರೆ ವಾರದ ವಿಷಯವೆಲ್ಲ ಕಿವಿಗೆ ಬಿದ್ದಿರುತ್ತದೆ.

ದಿ ಡಿಸ್ಪ್ಯಾಚ್: ಮನೆ ಬಿಟ್ಟವರ ಕೋಣೆ

2019ರಲ್ಲಿ ಜೋನಾ ಗೋಲ್ಡ್‌ಬರ್ಗ್, ಸ್ಟೀಫನ್ ಹೇಯ್ಸ್ ಮತ್ತು ಗೆಳೆಯರು ಆರಂಭಿಸಿದ ಜಾಲಪತ್ರಿಕೆ. ಒಬ್ಬರು ನ್ಯಾಷನಲ್ ರಿವ್ಯೂ ಬಿಟ್ಟು ಬಂದವರು, ಇನ್ನೊಬ್ಬರು 2018ರ ಕೊನೆಯಲ್ಲಿ ಮುಚ್ಚಿದ ವೀಕ್ಲಿ ಸ್ಟ್ಯಾಂಡರ್ಡ್‌ನವರು. ಇಬ್ಬರೂ ಫಾಕ್ಸ್ ನ್ಯೂಸ್ ಟಿವಿ ಚಾನೆಲ್ಲಿನಲ್ಲಿ ವ್ಯಾಖ್ಯಾನಕಾರರಾಗಿದ್ದರು. ಅಮೆರಿಕದ ಸಂಸತ್ ಭವನದ ಮೇಲೆ 2021ರ ಜನವರಿಯಲ್ಲಿ ಟ್ರಂಪ್ ಬೆಂಬಲಿಗರು ನಡೆಸಿದ ದಾಳಿಯ ಕುರಿತು ಫಾಕ್ಸ್ ನಿರೂಪಕ ಟಕರ್ ಕಾರ್ಲ್‌ಸನ್ ಮಾಡಿದ ಕಾರ್ಯಕ್ರಮವನ್ನು ಪ್ರತಿಭಟಿಸಿ ಅದೇ ವರ್ಷದ ನವೆಂಬರ್‌ನಲ್ಲಿ ಹೊರನಡೆದರು. ಸಂಬಳ ಬಿಟ್ಟು ಬಂದವರ ಮಾತಿಗೆ ನಾನು ಒಂದಿಷ್ಟು ಹೆಚ್ಚು ತೂಕ ಕೊಡುತ್ತೇನೆ. ಇದು ನನ್ನ ದೌರ್ಬಲ್ಯವಿದ್ದರೂ ಇರಬಹುದು.

ಇವರ ಬೆಳಗಿನ ಪತ್ರ ಇಮೇಲಿಗೆ ಬರುತ್ತದೆ. 'ಶುಭ ಸೋಮವಾರ', 'ಶುಭ ಮಂಗಳವಾರ' ಎಂದು ಸಲುಗೆಯಿಂದ ಶುರುವಾಗಿ, ಮೊದಲು ಐದಾರು ಸಾಲಿನ ಸುದ್ದಿತುಣುಕುಗಳು, ಆಮೇಲೆ ಒಂದೇ ವಿಷಯವನ್ನು ಹಿಡಿದು ಉದ್ದದ ವಿವರಣೆ. ವಿವರಣೆಯಲ್ಲಿ ಯಾರು ಏನು ಹೇಳಿದರು, ಕಾನೂನು ಏನು ಹೇಳುತ್ತದೆ ಎಂಬುದು ಬಹುಪಾಲು. ಬೈಗುಳ ಇಲ್ಲವೆಂದೇ ಹೇಳಬೇಕು. ಅಮೆರಿಕದ ರಾಜಕೀಯದ ಹಿನ್ನೆಲೆ ಗೊತ್ತಿಲ್ಲದವರನ್ನು ಕೈಹಿಡಿದು ನಡೆಸುವುದು ಇವರೇ. ಸುಪ್ರೀಂ ಕೋರ್ಟಿನ ಮೇಲೆ ಸಾರಾ ಇಸ್ಗರ್ ನಡೆಸುವ ಪಾಡ್‌ಕಾಸ್ಟ್ ನನಗೆ ಇನ್ನೂ ಇಷ್ಟ. ಆಕೆ ಟ್ರಂಪ್ ಅವರ ಮೊದಲ ಅವಧಿಯಲ್ಲಿ ನ್ಯಾಯ ಇಲಾಖೆಯ ವಕ್ತಾರೆಯಾಗಿದ್ದವರು. ತಾತ್ಕಾಲಿಕ ವೀಸಾದಲ್ಲಿರುವವರಿಗೆ ಹುಟ್ಟಿದ ಮಕ್ಕಳಿಗೆ ಪೌರತ್ವವಿಲ್ಲ ಎನ್ನುವ 2025ರ ಜನವರಿ 20ರ ಆದೇಶ ಸುಪ್ರೀಂ ಕೋರ್ಟ್‌ವರೆಗೆ ಹೋಯಿತಲ್ಲ, ಅಲ್ಲಿನ ನಮ್ಮ ಎಷ್ಟೋ ಮನೆಗಳ ತೊಟ್ಟಿಲಿನ ಪ್ರಶ್ನೆ ಅದು. ಅಂಥ ವಿಷಯಕ್ಕೆ ಚಾನೆಲ್ಲಿನ ಕೂಗಾಟಕ್ಕಿಂತ ಈ ನಿಧಾನದ ಮಾತು ಮೇಲು.

ಆದರೆ ಇವರಷ್ಟನ್ನೇ ಓದಿದರೆ ಒಂದು ಮೋಸವಾಗುತ್ತದೆ. 2024ರಲ್ಲಿ, ಅಧ್ಯಕ್ಷರನ್ನು ಆರಿಸುವ ಎಲೆಕ್ಟೊರಲ್ ಮತಗಳಲ್ಲಿ 312 ಪಡೆದು ಟ್ರಂಪ್ ಹೇಗೆ ಗೆದ್ದರು ಎಂಬುದು ಅರ್ಥವಾಗುವುದೇ ಇಲ್ಲ. ಇವರ ಹಿಂದೆ ಓದುಗರಿದ್ದಾರೆ, ಮತದಾರರಿಲ್ಲ. ಇದೇ ಕಾಲದಲ್ಲಿ ಹುಟ್ಟಿದ ಇನ್ನೊಂದು ಜಾಲಪತ್ರಿಕೆ ದಿ ಬುಲ್‌ವಾರ್ಕ್ ಟ್ರಂಪ್ ವಿರೋಧದಲ್ಲಿ ಇನ್ನೂ ಮುಂದೆ ಹೋಗಿದೆ. ಈಗ ಅದನ್ನು ಕನ್ಸರ್ವೇಟಿವ್ ಎಂದು ಕರೆಯುವುದು ಅಭ್ಯಾಸಬಲದಿಂದ ಮಾತ್ರ.

ಫಾಕ್ಸ್ ನ್ಯೂಸ್ ಮತ್ತು ಮೈಕಿನ ಮುಂದಿನವರು

1987ರಲ್ಲಿ ಪ್ರಸಾರಕರು ಎರಡೂ ಕಡೆಯ ಮಾತಿಗೆ ಅವಕಾಶ ಕೊಡಬೇಕೆಂಬ ನಿಯಮ ಹೋಯಿತು. 1988ರಲ್ಲಿ ಬಲಪಂಥದ ಮಾತುಗಾರ ರಷ್ ಲಿಂಬೋ ದೇಶದಾದ್ಯಂತ ರೇಡಿಯೋದಲ್ಲಿ ಮಾತು ಶುರುಮಾಡಿದರು. 1996ರ ಅಕ್ಟೋಬರ್‌ನಲ್ಲಿ ಫಾಕ್ಸ್ ನ್ಯೂಸ್ ಬಂತು. ಬರವಣಿಗೆಯ ಬಲಪಂಥಕ್ಕಿಂತ ಮಾತಿನ ಬಲಪಂಥ ದೊಡ್ಡದಾದದ್ದು ಹೀಗೆ.

ಫಾಕ್ಸ್ ಬಗ್ಗೆ ನನ್ನ ನಿಲುವು ಎರಡು ಬಗೆಯದು. 2020ರ ಚುನಾವಣೆಯಲ್ಲಿ ಮತಯಂತ್ರಗಳ ಮೋಸ ನಡೆದಿದೆ ಎಂಬ ಆರೋಪ ಪ್ರಸಾರ ಮಾಡಿದ್ದಕ್ಕೆ 2023ರ ಏಪ್ರಿಲ್‌ನಲ್ಲಿ ಮತಯಂತ್ರ ತಯಾರಿಸುವ ಡೊಮಿನಿಯನ್ ಕಂಪನಿಗೆ 78.75 ಕೋಟಿ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿಕೊಂಡರು. ವಿಚಾರಣೆಗೆ ಮೊದಲು ಹೊರಬಿದ್ದ ಸಂದೇಶಗಳಲ್ಲಿ ನಿರೂಪಕರೇ ಆ ಆರೋಪವನ್ನು ನಂಬದೆ ಗೇಲಿ ಮಾಡಿಕೊಂಡಿದ್ದರು. ತೆರೆಯ ಮೇಲೆ ಒಂದು, ಮೊಬೈಲಿನಲ್ಲಿ ಇನ್ನೊಂದು. ನನ್ನ ನಾಲ್ಕನೆಯ ಅಳತೆಗೆ ಇಲ್ಲಿ ಸೊನ್ನೆ. ಆದರೂ ಫಾಕ್ಸ್ ನೋಡದೆ ವಿಧಿಯಿಲ್ಲ. ಟ್ರಂಪ್ ಅದನ್ನು ನೋಡುತ್ತಾರೆ, ಅಲ್ಲಿಂದಲೇ ಮಂತ್ರಿಗಳನ್ನು ಆರಿಸುತ್ತಾರೆ. ರಕ್ಷಣಾ ಸಚಿವರಾದ ಪೀಟ್ ಹೆಗ್‌ಸೆತ್ ಅಲ್ಲಿ ನಿರೂಪಕರಾಗಿದ್ದವರು. 2025ರ ನವೆಂಬರ್‌ನಲ್ಲಿ ಅಲ್ಲಿನ ನಿರೂಪಕಿ ಲಾರಾ ಇಂಗ್ರಹಾಂ ಎಚ್-1ಬಿ ವಿರುದ್ಧ ಟ್ರಂಪ್‌ರನ್ನು ಒತ್ತಿ ಕೇಳಿದರು. ನಮ್ಮಲ್ಲೇ ಬೇಕಾದಷ್ಟು ಪ್ರತಿಭೆ ಇದೆ ಎಂದರೆ ಟ್ರಂಪ್ ಇಲ್ಲವೆಂದರು. ಯಜಮಾನ ಒಂದು ಮಾತು, ಮನೆಯವರು ಇನ್ನೊಂದು ಮಾತು ಆಡಿದ ಆ ಕೆಲವು ನಿಮಿಷಗಳನ್ನು ಯಾವ ಪತ್ರಿಕೆಯೂ ಹಾಗೆ ತೋರಿಸಲಾರದು. ಗಂಟೆಗಟ್ಟಲೆ ನೋಡಬೇಡಿ. ಅಲ್ಲಿನ ರಾತ್ರಿ ಎಂಟರ ಕಾರ್ಯಕ್ರಮ ನಮಗೆ ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆ, ಚಳಿಗಾಲದಲ್ಲಿ ಆರೂವರೆ. ಕಾಫಿ ಸೋಸುವಷ್ಟು ಹೊತ್ತಿನಲ್ಲಿ ತುಣುಕುಗಳನ್ನು ನೋಡಿ ಮುಗಿಸಬಹುದು. ಸುದ್ದಿಯೇ ಬೇಕಿದ್ದರೆ ಬ್ರೆಟ್ ಬೇಯರ್ ಅವರದು ಹೆಚ್ಚು ನೆಲದ ಮೇಲಿದೆ.

ಚಾನೆಲ್ ಆಚೆಗೆ ಬೆನ್ ಶಪಿರೋ ಮತ್ತು ಟಕರ್ ಕಾರ್ಲ್‌ಸನ್ ಇದ್ದಾರೆ. ಒಬ್ಬರು 2015ರಲ್ಲಿ ಡೈಲಿ ವೈರ್ ಎಂಬ ಮಾಧ್ಯಮ ಸಂಸ್ಥೆ ಕಟ್ಟಿದವರು, ಇನ್ನೊಬ್ಬರು 2023ರಲ್ಲಿ ಫಾಕ್ಸ್‌ನಿಂದ ಹೊರಬಿದ್ದವರು. ಶಪಿರೋ ರೈಲಿನ ವೇಗದಲ್ಲಿ ಮಾತನಾಡುತ್ತಾರೆ. ಇಸ್ರೇಲ್ ಪರ, ಮಾರುಕಟ್ಟೆ ಪರ, 2025ರ ಏಪ್ರಿಲ್‌ನ ಸುಂಕವನ್ನು ನೇರವಾಗಿಯೇ ಟೀಕಿಸಿದವರು. ಕಾರ್ಲ್‌ಸನ್ ಎಲ್ಲದರಲ್ಲೂ ಎದುರುದಿಕ್ಕು. ಯಹೂದಿ ದ್ವೇಷಕ್ಕೆ ಹೆಸರಾದ ನಿಕ್ ಫುಯೆಂಟಸ್‌ನನ್ನು ಕಾರ್ಲ್‌ಸನ್ 2025ರ ಅಕ್ಟೋಬರ್‌ನಲ್ಲಿ ಕೂರಿಸಿಕೊಂಡು ಮೆತ್ತಗೆ ಸಂದರ್ಶಿಸಿದ್ದು ಇಡೀ ಬಲಪಂಥವನ್ನು ಸೀಳಿತು. ಬಲಪಂಥದ ದೊಡ್ಡ ಚಿಂತನಾ ಸಂಸ್ಥೆಯಾದ ಹೆರಿಟೇಜ್ ಫೌಂಡೇಶನ್ ಮುಖ್ಯಸ್ಥರು ಕಾರ್ಲ್‌ಸನ್ ಪರ ನಿಂತು, ತಮ್ಮ ಸಂಸ್ಥೆಯೊಳಗೇ ಬೈಸಿಕೊಂಡು, ಕ್ಷಮೆ ಕೇಳಬೇಕಾಯಿತು. ಇವರಿಬ್ಬರಲ್ಲಿ ಒಬ್ಬರನ್ನಷ್ಟೇ ಆರಿಸಬೇಕೆಂದರೆ ನಾನು ಶಪಿರೋ ಎನ್ನುತ್ತೇನೆ. ವಾದವನ್ನಾದರೂ ಮುಂದಿಡುತ್ತಾರೆ. ಕಾರ್ಲ್‌ಸನ್ ಪ್ರಶ್ನೆ ಕೇಳಿ ಹುಬ್ಬುಗಂಟಿಕ್ಕುತ್ತಾರೆ, ಉತ್ತರದ ಹೊಣೆ ಕೇಳುಗನ ಮೇಲೆ.

ನಾಲ್ಕನೆಯ ತಮ್ಮನ ಬರಹ

ಜನಪ್ರಿಯ ರಾಷ್ಟ್ರೀಯವಾದದ ಕವಲನ್ನು ಕೂಗಿಲ್ಲದೆ ಓದಬೇಕೆಂದರೆ ದಿ ಅಮೆರಿಕನ್ ಕನ್ಸರ್ವೇಟಿವ್. 2002ರಲ್ಲಿ ಈ ಕವಲಿನ ಹಿರಿಯ ರಾಜಕಾರಣಿ ಪ್ಯಾಟ್ ಬ್ಯುಕ್ಯಾನನ್ ಮತ್ತು ಇನ್ನಿಬ್ಬರು ಸೇರಿ ಆರಂಭಿಸಿದರು. ಉಳಿದ ಬಲಪಂಥೀಯ ಪತ್ರಿಕೆಗಳು ಬಹುಪಾಲು ಇರಾಕ್ ಯುದ್ಧಕ್ಕೆ ಜೈ ಎನ್ನುತ್ತಿದ್ದಾಗ ಇವರು ಬೇಡ ಎಂದರು. 2003ರಲ್ಲಿ ನ್ಯಾಷನಲ್ ರಿವ್ಯೂ ಇವರನ್ನು ದೇಶಪ್ರೇಮವಿಲ್ಲದವರು ಎಂದು ಜರೆಯಿತು. ಯಾರ ಮಾತು ನಿಂತಿತೆಂದು ಕಾಲವೇ ಹೇಳಿದೆ. ವಲಸೆಯ ವಿಷಯದಲ್ಲಿ ಇವರ ಮಾತು ನಮಗೆ ಕಹಿ. ಆದರೂ ವೀಸಾ ನಂಬಿ ಬದುಕು ಕಟ್ಟುವ ಮನೆಯವರು ಎದುರಾಳಿಯ ವಾದವನ್ನು ಅದರ ಅತ್ಯುತ್ತಮ ರೂಪದಲ್ಲಿ ಒಮ್ಮೆಯಾದರೂ ಓದಿರಬೇಕು ಎಂಬುದು ನನ್ನ ಹಟ. ಸಿದ್ಧಾಂತ ಬೇಕಾದ ವಿದ್ಯಾರ್ಥಿಗೆ ತ್ರೈಮಾಸಿಕ ಕ್ಲೇರ್‌ಮಾಂಟ್ ರಿವ್ಯೂ ಆಫ್ ಬುಕ್ಸ್. 2016ರಲ್ಲಿ ಅದರ ಜಾಲತಾಣದಲ್ಲಿ ಮೈಕೆಲ್ ಆಂಟನ್ ಗುಪ್ತನಾಮದಲ್ಲಿ ಬರೆದ ಪ್ರಬಂಧ ಟ್ರಂಪ್‌ಗೆ ಬೌದ್ಧಿಕ ಅಂಗಿ ತೊಡಿಸಿತು; ಬರೆದವರಿಗೆ ಮುಂದೆ ಟ್ರಂಪ್ ಅವರ ಎರಡೂ ಅವಧಿಗಳಲ್ಲಿ ಸರ್ಕಾರದ ಹುದ್ದೆ ಸಿಕ್ಕಿತು.

ಮಿಕ್ಕವು ಅವರವರ ರುಚಿಗೆ ಬಿಟ್ಟದ್ದು. ನಗರ, ಪೊಲೀಸ್, ಶಾಲೆಗಳ ವಿಷಯಕ್ಕೆ ಸಿಟಿ ಜರ್ನಲ್, ಪುಕ್ಕಟೆ. ಧರ್ಮಕ್ಕೆ ಫಸ್ಟ್ ಥಿಂಗ್ಸ್. ಇಸ್ರೇಲ್ ಮತ್ತು ವಿದೇಶಾಂಗಕ್ಕೆ 1945ರಿಂದ ಇರುವ ಕಾಮೆಂಟರಿ. ನ್ಯೂಯಾರ್ಕ್ ಟೈಮ್ಸ್‌ಗೆ ಹೇಗೂ ಚಂದಾ ಕಟ್ಟಿದ್ದರೆ ಅದರೊಳಗೇ ರಾಸ್ ಡೌದತ್ ಇದ್ದಾರೆ. ಬಲಪಂಥವನ್ನು ಎಡಪಂಥೀಯ ಓದುಗರಿಗೆ ಅರ್ಥಮಾಡಿಸುವುದರಲ್ಲಿ ಅವರ ಸಮ ಇಲ್ಲ.

ಹಣದ ಮಾತು

ಚಂದಾದಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಮೊದಲ ವರ್ಷ ಕಾಫಿಯ ದರಕ್ಕೆ ಕೊಟ್ಟ ಪತ್ರಿಕೆಯೊಂದು ಎರಡನೆಯ ವರ್ಷ ಹೇಳದೆ ಕೇಳದೆ ಪೂರ್ಣ ಮೊತ್ತ ಕಿತ್ತುಕೊಂಡಿತು. ರದ್ದು ಮಾಡಲು ಅಮೆರಿಕಕ್ಕೆ ಫೋನ್ ಮಾಡಿ ಮುಕ್ಕಾಲು ಗಂಟೆ ಸಂಗೀತ ಕೇಳಿದೆ. ಚಂದಾ ಕಟ್ಟಿದ ದಿನವೇ ಹನ್ನೊಂದನೆಯ ತಿಂಗಳಿಗೆ ಮೊಬೈಲಿನಲ್ಲಿ ಗಂಟೆ ಇಟ್ಟುಕೊಳ್ಳಿ. ಅಮೆರಿಕದಲ್ಲಿರುವವರು ಹಣ ಕೊಡುವ ಮೊದಲು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ವಿಚಾರಿಸಿ. ಕಾರ್ಡ್ ಇದ್ದರೆ ದೊಡ್ಡ ಪತ್ರಿಕೆಗಳನ್ನು ಮನೆಯಿಂದಲೇ ಓದಲು ಬಿಡುವ ಗ್ರಂಥಾಲಯಗಳು ಅನೇಕ.

ಪೈಸೆ ಖರ್ಚಿಲ್ಲದೆ ಬೇಕೆನ್ನುವವರು ನ್ಯಾಷನಲ್ ರಿವ್ಯೂ ಪಾಡ್‌ಕಾಸ್ಟ್, ಡಿಸ್ಪ್ಯಾಚಿನ ಪುಕ್ಕಟೆ ಬರಹಗಳು, ಸಿಟಿ ಜರ್ನಲ್ ಹಿಡಿಯಿರಿ. ಒಂದಕ್ಕೆ ಮಾತ್ರ ಹಣ ಕೊಡುವೆನೆನ್ನುವವರಲ್ಲಿ ವ್ಯಾಪಾರ, ಷೇರು, ಸುಂಕದ ಜೊತೆ ಹೊಟ್ಟೆಪಾಡು ಇರುವವರಿಗೆ ವಾಲ್ ಸ್ಟ್ರೀಟ್ ಜರ್ನಲ್; ಉಳಿದವರಿಗೆ ಡಿಸ್ಪ್ಯಾಚ್. ರಾಜ್ಯಶಾಸ್ತ್ರದ ಹುಡುಗಿಗೆ ನ್ಯಾಷನಲ್ ರಿವ್ಯೂ ಮತ್ತು ಅಮೆರಿಕನ್ ಕನ್ಸರ್ವೇಟಿವ್ ಎರಡನ್ನೂ ಹೇಳಿದೆ. ಒಂದೇ ಘಟನೆಯನ್ನು ಎರಡರಲ್ಲೂ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಾಳೆ. ಭಾವನೊಡನೆ ಜಗಳವಾಡುವ ಗೆಳೆಯನಿಗೆ ಫಾಕ್ಸ್ ತುಣುಕುಗಳೇ ಸಾಕು, ಭಾವ ನೋಡುವುದೂ ಅದನ್ನೇ.

ಅಕ್ಕನ ಮಗ ಡಿಸ್ಪ್ಯಾಚ್ ಆರಿಸಿಕೊಂಡ. ಕಚೇರಿಗೆ ಹೋಗುವ ನಲವತ್ತು ನಿಮಿಷ ಕಾರಿನಲ್ಲಿ ಸುಪ್ರೀಂ ಕೋರ್ಟಿನ ಪಾಡ್‌ಕಾಸ್ಟ್ ಕೇಳುತ್ತಾನಂತೆ. ವೀಸಾಕ್ಕೆ ಸಂಬಂಧಿಸಿ ಏನೇ ಆದರೂ ಇವರ ಮಾತು ಕೇಳಬೇಡ, ವಲಸೆ ವಕೀಲರನ್ನು ಕೇಳು ಎಂದು ಹೇಳಿದ್ದೇನೆ. ಮೊನ್ನೆ ಅವನು ಫೋನಿನಲ್ಲಿ ಯಾವುದೋ ತೀರ್ಪಿನ ಭಿನ್ನಮತವನ್ನು ಉತ್ಸಾಹದಿಂದ ವಿವರಿಸುತ್ತಿದ್ದ. ಅಕ್ಕ ಹತ್ತು ನಿಮಿಷ ತಾಳ್ಮೆಯಿಂದ ಕೇಳಿ, ಫೋನನ್ನು ನನ್ನ ಕೈಗೆ ಕೊಟ್ಟು, "ಅದೆಲ್ಲ ಇರಲಿ, ಮುಂದಿನ ಪಕ್ಷಕ್ಕೆ ಬಂದರೆ ವಾಪಸು ಒಳಗೆ ಬಿಡುತ್ತಾರೆಯೇ ಎಂದು ಕೇಳು" ಎಂದಳು.